ಹೊಲಿಸಿಕೊಂಡ ಬೆರಳನ್ನು ಮರೆತು ಕೂರಬೇಡಿ

ಯಂಕಂಚಿ, ಸಿಂದಗಿ, ಇಂಡಿ ಕಡೆ ಕಬ್ಬು ಕಡಿಯುವಾಗ ಕುಡಗೋಲು ಜಾರಿ ಬೆರಳು ಮಡಿಸುವ ಸ್ನಾಯುರಜ್ಜು ತುಂಡಾಗುವುದುಂಟು. ಆಪರೇಷನ್ ಆಯಿತೆಂದರೆ ಮನೆಯವರದು ಒಂದೇ ಮಾತು: "ಕೈ ಅಲುಗಾಡಿಸಬ್ಯಾಡ." ಎಡವುವುದು ಅಲ್ಲೇ. ವಾರಗಟ್ಟಲೆ ಅಲ್ಲಾಡದ ರಜ್ಜು ಗಾಯ ಮಾಯುತ್ತ ಸುತ್ತಲಿನ ಅಂಗಾಂಶಕ್ಕೆ ಅಂಟಿಕೊಳ್ಳುತ್ತದೆ. ಹೊಲಿಗೆ ಗಟ್ಟಿಯಿದ್ದರೂ ರೊಟ್ಟಿ ಮುರಿಯಲು ಬೆರಳು ಮಡಿಯದು. ಹಾಗಂತ ಕೊಡ ಎತ್ತಿದಿರೋ, ಹೊಲಿಗೆಯೇ ಕಿತ್ತೀತು.

ಸಾಮಾನ್ಯವಾಗಿ ಮೊದಲ ವಾರದಲ್ಲೇ ವ್ಯಾಯಾಮ ಶುರು. ಕೈಗೆ ಆಸರೆಯಾಗಿ ಕಟ್ಟಿದ ಸ್ಪ್ಲಿಂಟ್ ಬಿಚ್ಚದೆ, ಇನ್ನೊಂದು ಕೈಯಿಂದ ಬೆರಳನ್ನು ಮೆಲ್ಲಗೆ ಮಡಿಸಿ, ಸ್ಪ್ಲಿಂಟಿಗೆ ತಾಗುವವರೆಗೆ ಚಾಚುವುದು. ದಿನಕ್ಕೆಷ್ಟು ಸಲ ಎಂಬುದನ್ನು ಫಿಸಿಯೋಥೆರಪಿಯವರೇ ಹೇಳಲಿ. ಭಾರದ ಕೆಲಸ ಸುಮಾರು 12 ವಾರ ಬೇಡ. ಎಣ್ಣೆ ತಿಕ್ಕಿ ಎಳೆಯುವವರ ಹತ್ತಿರ ಹೋಗಬೇಡಿ; ಬೀಡಿಯನ್ನೂ ಬಿಡಿ. ಡಿಸ್ಚಾರ್ಜ್ ಆಗುವ ಮೊದಲೇ ಕೇಳಿಬಿಡಿ: "ಡಾಕ್ಟ್ರೇ, ಬೆರಳು ಯಾವಾಗಿಂದ, ಹೆಂಗ ಆಡಿಸಬೇಕ್ರೀ?"