ಥೈರಾಯ್ಡ್ ಮಾತ್ರೆ: ಡೋಸ್ ಹೆಚ್ಚಿಸುವ ಮುನ್ನ ನೋಡಬೇಕಾದ್ದು

ಥೈರಾಯ್ಡ್ ಗ್ರಂಥಿ ಮಂದವಾದವರಿಗೆ ಕೊಡುವ ಔಷಧ ಬಹುಮಟ್ಟಿಗೆ ಒಂದೇ: ಲೆವೊಥೈರಾಕ್ಸಿನ್. ಥೈರೋನಾರ್ಮ್, ಎಲ್ಟ್ರಾಕ್ಸಿನ್, ಥೈರಾಕ್ಸ್ ಎಂದು ಬಾಟಲಿಯ ಮೇಲಿನ ಹೆಸರು ಬದಲಾಗಬಹುದು, ಒಳಗಿರುವುದು ಅದೇ ಟಿ4 ಹಾರ್ಮೋನು. ದೇಹ ತನಗೆ ಬೇಕಾದ ಟಿ3 ಹಾರ್ಮೋನನ್ನು ಇದರಿಂದಲೇ ಮಾಡಿಕೊಳ್ಳುತ್ತದೆ. ಹಾಗಾಗಿ ಯಾವ ಔಷಧ ಎನ್ನುವುದಕ್ಕಿಂತ ಎಷ್ಟು, ಹೇಗೆ ಎನ್ನುವುದೇ ಇಲ್ಲಿ ಮುಖ್ಯ. ಅದರಲ್ಲೂ ‘ಹೇಗೆ’ ಎಂಬುದನ್ನು ಕೇಳುವವರು ಕಡಿಮೆ.

ಮೊದಲು ರಿಪೋರ್ಟ್ ಓದುವುದನ್ನು ತಿಳಿದುಕೊಳ್ಳಿ. ಟಿಎಸ್‌ಎಚ್ ಥೈರಾಯ್ಡ್‌ನಲ್ಲಿ ತಯಾರಾಗುವುದಲ್ಲ. ಅದು ಮಿದುಳಿನ ಬುಡದಲ್ಲಿರುವ ಪಿಟ್ಯುಟರಿ ಗ್ರಂಥಿಯದು. ಥೈರಾಯ್ಡ್ ಕೆಲಸದಲ್ಲಿ ಹಿಂದೆ ಬಿದ್ದರೆ ಅದನ್ನು ಎಬ್ಬಿಸಲು ಪಿಟ್ಯುಟರಿ ಟಿಎಸ್‌ಎಚ್ ಹೆಚ್ಚಿಸುತ್ತದೆ. ಅಂದರೆ ಟಿಎಸ್‌ಎಚ್ ಏರಿದೆ ಎಂದರೆ ಥೈರಾಯ್ಡ್ ಹಾರ್ಮೋನು ಸಾಲುತ್ತಿಲ್ಲ ಎಂದರ್ಥ. ಸಾಮಾನ್ಯವಾಗಿ 0.4ರಿಂದ 4ರ ಆಸುಪಾಸು ಇದ್ದರೆ ಸರಿ, 10 ದಾಟಿದರೆ ಚಿಕಿತ್ಸೆ ಬೇಕು. ನಡುವೆ 5, 6, 7 ಎಂದು ಬಂದು, ಟಿ4 ಸರಿಯಿದ್ದರೆ ಅವಸರ ಬೇಡ. ಎರಡು ಮೂರು ತಿಂಗಳು ಬಿಟ್ಟು ಮತ್ತೊಮ್ಮೆ ನೋಡಿದಾಗ ತಾನಾಗಿಯೇ ಇಳಿದಿರುವುದು ಅಪರೂಪವಲ್ಲ. ಒಂದೇ ಒಂದು ರಿಪೋರ್ಟ್ ಹಿಡಿದು ಜೀವನಪರ್ಯಂತದ ಮಾತ್ರೆ ಶುರು ಮಾಡುವುದು ನನಗೆ ಸರಿಕಾಣುವುದಿಲ್ಲ. ಗರ್ಭಿಣಿಯರ ಮಾತು ಬೇರೆ, ಅದನ್ನು ಮುಂದೆ ಹೇಳುತ್ತೇನೆ.

ಡೋಸ್ ಶುರುವಾಗುವುದು ತೂಕದಿಂದ. ಗ್ರಂಥಿ ಪೂರ್ತಿ ಕೈಕೊಟ್ಟಿದ್ದರೆ ಒಂದು ಕಿಲೋ ತೂಕಕ್ಕೆ ದಿನಕ್ಕೆ ಸುಮಾರು 1.6 ಮೈಕ್ರೋಗ್ರಾಂ. 60 ಕಿಲೋ ಇರುವವರಿಗೆ ಲೆಕ್ಕ 96, ಅಂದರೆ 100ರ ಮಾತ್ರೆ. ಗ್ರಂಥಿ ಅರ್ಧಂಬರ್ಧ ಕೆಲಸ ಮಾಡುತ್ತಿದ್ದರೆ 25 ಅಥವಾ 50 ಸಾಕಾಗಬಹುದು. ವಯಸ್ಸಾದವರಿಗೆ, ಹೃದಯದ ತೊಂದರೆ ಇರುವವರಿಗೆ 12.5 ಅಥವಾ 25ರಿಂದ ಶುರುಮಾಡಿ ನಿಧಾನಕ್ಕೆ ಏರಿಸುತ್ತಾರೆ. ಒಮ್ಮೆಲೇ ಹೆಚ್ಚು ಕೊಟ್ಟರೆ ಹೃದಯಕ್ಕೆ ಭಾರ. ಇಷ್ಟು ತಿಳಿದರೆ, ಅಕ್ಕನಿಗೆ 75 ಹಿಡಿಸಿತು, ನನಗೂ ಅದೇ ಆಗಬಹುದು ಎಂಬ ಲೆಕ್ಕಾಚಾರ ಯಾಕೆ ನಡೆಯದು ಎಂಬುದು ಗೊತ್ತಾಗುತ್ತದೆ.

ಆಮೇಲೆ ಕಾಯಬೇಕು. ಈ ಹಾರ್ಮೋನು ರಕ್ತದಲ್ಲಿ ಅರ್ಧಕ್ಕೆ ಇಳಿಯಲು ಸುಮಾರು ಏಳು ದಿನ ಬೇಕು. ಹೊಸ ಡೋಸ್ ದೇಹದಲ್ಲಿ ಒಂದು ಮಟ್ಟಕ್ಕೆ ಬಂದು ನಿಲ್ಲಲು ಐದಾರು ವಾರ ಹಿಡಿಯುತ್ತದೆ. ಹದಿನೈದು ದಿನಕ್ಕೇ ರಕ್ತಪರೀಕ್ಷೆ ಮಾಡಿಸಿದರೆ ದುಡ್ಡು ದಂಡ. 6ರಿಂದ 8 ವಾರಕ್ಕೆ ಮಾಡಿಸಿ. ಸುಸ್ತು ಕೆಲವು ವಾರಗಳಲ್ಲಿ ಕಡಿಮೆಯಾಗುತ್ತದೆ, ಕೂದಲು ಉದುರುವುದು ನಿಲ್ಲಲು ತಿಂಗಳುಗಳೇ ಬೇಕು.

ಮಾತ್ರೆ ಹೊಟ್ಟೆಗೆ ಹೋದರೆ ಸಾಲದು

ಒಂದು ಮನೆಯ ಬೆಳಗನ್ನು ನೋಡೋಣ. ಆರು ಗಂಟೆಗೆ ಎದ್ದ ಗೃಹಿಣಿ ಅಡುಗೆಮನೆಯಲ್ಲಿ ಹಾಲು ಕಾಯಿಸುತ್ತಾ 75ರ ಮಾತ್ರೆ ಬಾಯಿಗೆ ಹಾಕಿಕೊಂಡು ಫಿಲ್ಟರ್ ಕಾಫಿಯಲ್ಲೇ ನುಂಗುತ್ತಾರೆ. ಎಂಟಕ್ಕೆ ತಿಂಡಿಯ ಜೊತೆ ಕ್ಯಾಲ್ಸಿಯಂ ಮಾತ್ರೆ, ನಂತರ ಎದೆಯುರಿ ಎಂದು ಆ್ಯಂಟಾಸಿಡ್. ಟಿಎಸ್‌ಎಚ್ 9ರಲ್ಲೇ ನಿಂತಿದೆ. ಡೋಸ್ 100 ಆಗುತ್ತದೆ, ಮುಂದೆ 125. ಮುಂದೊಂದು ದಿನ ಕ್ಯಾಲ್ಸಿಯಂ ಮುಗಿದು, ಎದೆಯುರಿ ನಿಂತು, ಮಾತ್ರೆಯನ್ನು ನೀರಿನಲ್ಲಿ ನುಂಗತೊಡಗಿದಾಗ ಅದೇ 125 ವಿಪರೀತವಾಗಿ ಎದೆ ಡವಡವ, ಕೈನಡುಕ, ನಿದ್ದೆಗೇಡು. ಇಲ್ಲಿ ಡೋಸ್ ಕಡಿಮೆ ಇರಲೇ ಇಲ್ಲ. ಮಾತ್ರೆ ಕರುಳಿನಿಂದ ರಕ್ತಕ್ಕೆ ಸರಿಯಾಗಿ ಸೇರುತ್ತಿರಲಿಲ್ಲ.

ಆದ್ದರಿಂದ ಬಾಟಲಿಯನ್ನು ಒಲೆಯ ಹತ್ತಿರ ಇಡಬೇಡಿ, ಶಾಖ ಮತ್ತು ತೇವ ಎರಡೂ ಅದಕ್ಕಾಗದು. ಹಾಸಿಗೆಯ ಪಕ್ಕ ಒಂದು ಲೋಟ ನೀರಿನೊಂದಿಗೆ ಇಟ್ಟುಕೊಳ್ಳಿ. ಎದ್ದ ಕೂಡಲೇ ಬರೀ ಹೊಟ್ಟೆಯಲ್ಲಿ, ಬರೀ ನೀರಿನಲ್ಲಿ ನುಂಗಿ. ಕಾಫಿ, ಚಹಾ, ಹಾಲು, ರಾಗಿ ಗಂಜಿ ಎಲ್ಲವೂ ಕನಿಷ್ಠ ಅರ್ಧ ಗಂಟೆ, ಸಾಧ್ಯವಾದರೆ ಒಂದು ಗಂಟೆ ಕಳೆದ ಮೇಲೆ. ಕ್ಯಾಲ್ಸಿಯಂ, ಕಬ್ಬಿಣಾಂಶದ ಮಾತ್ರೆ, ಆ್ಯಂಟಾಸಿಡ್‌ಗಳಿಗೆ ನಾಲ್ಕು ಗಂಟೆ ಅಂತರವಿರಲಿ. ಮಧ್ಯಾಹ್ನದ ಊಟದ ನಂತರಕ್ಕೆ ದೂಡಿದರೆ ನೆನಪಿಡುವುದು ಸುಲಭ. ಬೆಳಗಿನ ಪಾಳಿಯ ಕೆಲಸಕ್ಕೆ ಓಡುವವರು ರಾತ್ರಿ ಊಟವಾಗಿ ಮೂರು ಗಂಟೆ ಬಿಟ್ಟು ಮಲಗುವಾಗ ತೆಗೆದುಕೊಳ್ಳಬಹುದು. ಯಾವುದಾದರೂ ಒಂದನ್ನು ಹಿಡಿದು ದಿನಾ ಅದನ್ನೇ ಪಾಲಿಸಿ. ಎಲೆಕೋಸು, ಹೂಕೋಸಿಗೆ ಹೆದರಬೇಕಿಲ್ಲ. ಬೇಯಿಸಿ ಹಿತಮಿತವಾಗಿ ತಿಂದರೆ ಏನೂ ಆಗದು.

ಪರೀಕ್ಷೆಯ ದಿನ ರಕ್ತ ಕೊಟ್ಟ ಮೇಲೆ ಮಾತ್ರೆ ನುಂಗಿ. ಆದಷ್ಟು ಅದೇ ಲ್ಯಾಬ್, ಅದೇ ಬೆಳಗಿನ ಹೊತ್ತು ಇರಲಿ. ಟಿಎಸ್‌ಎಚ್ ಹೊತ್ತಿಗೆ ತಕ್ಕಂತೆ ಏರಿಳಿಯುತ್ತದೆ. ಕೂದಲಿಗೆಂದು ಬಯೋಟಿನ್ ತೆಗೆದುಕೊಳ್ಳುತ್ತಿದ್ದರೆ ಎರಡು ಮೂರು ದಿನ ಮೊದಲೇ ನಿಲ್ಲಿಸಿ. ಅದು ಕೆಲವು ಪರೀಕ್ಷಾ ವಿಧಾನಗಳಲ್ಲಿ ಟಿಎಸ್‌ಎಚ್ ಅನ್ನು ಸುಳ್ಳೇ ಕಡಿಮೆ ತೋರಿಸುತ್ತದೆ. ಮೆಡಿಕಲ್ ಶಾಪ್‌ನಲ್ಲಿ ನಿಮ್ಮ ಕಂಪನಿಯದು ಇಲ್ಲವೆಂದು ಬೇರೆ ಕಂಪನಿಯ ಮಾತ್ರೆ ಕೊಟ್ಟರೆ ವೈದ್ಯರಿಗೆ ತಿಳಿಸಿ, 6ರಿಂದ 8 ವಾರಕ್ಕೆ ಮತ್ತೆ ಪರೀಕ್ಷೆ ಮಾಡಿಸಿ.

ಇಷ್ಟೆಲ್ಲ ಸರಿಯಿದ್ದೂ ಟಿಎಸ್‌ಎಚ್ ಇಳಿಯದಿದ್ದರೆ ವೈದ್ಯರು 12.5 ಅಥವಾ 25ರಂತೆ ಏರಿಸುತ್ತಾರೆ. ಸರಿಹೋದ ಮೇಲೆ ಆರು ತಿಂಗಳಿಗೋ ವರ್ಷಕ್ಕೋ ಒಮ್ಮೆ ನೋಡಿದರೆ ಸಾಕು. ತೂಕ ಇಳಿಯಲಿ ಎಂದು ನಾವಾಗಿಯೇ ಹೆಚ್ಚು ಮಾತ್ರೆ ನುಂಗುವುದು ಅಪಾಯ. ಹೃದಯದ ಬಡಿತ ತಾಳ ತಪ್ಪುತ್ತದೆ, ಮುಟ್ಟು ನಿಂತ ಹೆಂಗಸರಲ್ಲಿ ಮೂಳೆ ಸವೆಯುತ್ತದೆ. ಟಿಎಸ್‌ಎಚ್ ಸರಿಯಾಗಿಯೂ ಸುಸ್ತು ಹೋಗದಿದ್ದರೆ ಹಿಮೋಗ್ಲೋಬಿನ್, ಬಿ12, ಸಕ್ಕರೆ ಪರೀಕ್ಷಿಸಿಕೊಳ್ಳಿ. ಎಲ್ಲ ದಣಿವನ್ನೂ ಥೈರಾಯ್ಡ್‌ನ ತಲೆಗೆ ಕಟ್ಟಿದರೆ ನಿಜವಾದ ಕಾರಣ ತಪ್ಪಿಹೋಗುತ್ತದೆ.

ಮುಟ್ಟು ತಪ್ಪಿದರೆ

ಮಾತ್ರೆ ತೆಗೆದುಕೊಳ್ಳುತ್ತಿರುವ ಹೆಣ್ಣುಮಗಳು ಗರ್ಭಿಣಿ ಎಂದು ಗೊತ್ತಾದ ದಿನವೇ ವೈದ್ಯರಿಗೆ ಫೋನ್ ಮಾಡಬೇಕು, ಮುಂದಿನ ತಪಾಸಣೆಗೆ ಕಾಯಬಾರದು. ಡೋಸ್ ಸಾಮಾನ್ಯವಾಗಿ ಶೇ 25ರಿಂದ 30ರಷ್ಟು ಏರಿಸಬೇಕಾಗುತ್ತದೆ, ಏಕೆಂದರೆ ಮೊದಲ ಮೂರು ತಿಂಗಳು ಹೊಟ್ಟೆಯಲ್ಲಿರುವ ಮಗು ತಾಯಿಯ ಹಾರ್ಮೋನನ್ನೇ ನೆಚ್ಚಿಕೊಂಡಿರುತ್ತದೆ, ಮಿದುಳು ಬೆಳೆಯುವುದೂ ಅದರಿಂದಲೇ. ಗರ್ಭಿಣಿಗೆ ಇಂಗ್ಲಿಷ್ ಮಾತ್ರೆ ಬೇಡ ಎಂದು ಹಿರಿಯರು ಕಾಳಜಿಯಿಂದಲೇ ಹೇಳಬಹುದು. ಈ ಮಾತ್ರೆಯ ವಿಷಯದಲ್ಲಿ ಮಾತ್ರ ನಿಲ್ಲಿಸುವುದೇ ಮಗುವಿಗೆ ಕೆಡುಕು ಎಂದು ಅವರಿಗೆ ಬಿಡಿಸಿ ಹೇಳಿ. ಐದನೇ ತಿಂಗಳವರೆಗೆ ನಾಲ್ಕು ವಾರಕ್ಕೊಮ್ಮೆ ಟಿಎಸ್‌ಎಚ್ ನೋಡಬೇಕು. ಆರೋಗ್ಯ ಕೇಂದ್ರದಲ್ಲಿ ಕೊಡುವ ಕಬ್ಬಿಣಾಂಶದ ಮತ್ತು ಕ್ಯಾಲ್ಸಿಯಂ ಮಾತ್ರೆಗಳಿಗೆ ಇಲ್ಲೂ ಅದೇ ನಾಲ್ಕು ಗಂಟೆಯ ಅಂತರ. ಹೆರಿಗೆಯಾದ ಮೇಲೆ ಡೋಸ್ ಹಿಂದಿನ ಮಟ್ಟಕ್ಕೆ ಬರುತ್ತದೆ, ಆರು ವಾರಕ್ಕೆ ಮತ್ತೊಂದು ಪರೀಕ್ಷೆ. ಹಾಲೂಡಿಸುವಾಗ ಮಾತ್ರೆ ಮುಂದುವರಿಸಲು ಯಾವ ಅಡ್ಡಿಯೂ ಇಲ್ಲ.