ರೈಡರ್‌ನ ಬದಲಿಸಬೇಕೋ, ರೈಡಿನ ಸರದಿ ಬದಲಿಸಬೇಕೋ?

ಪ್ರಶ್ನೆ: ನಮ್ಮದು ಚಿಕ್ಕೋಡಿ ಕಡೆಯ ಪದವಿ ಕಾಲೇಜು. ನಮ್ಮ ಕಬಡ್ಡಿ ತಂಡ ಈ ವರ್ಷ ಗೆದ್ದದ್ದಕ್ಕಿಂತ ಸೋತದ್ದೇ ಹೆಚ್ಚು. ನಿಪ್ಪಾಣಿಯಲ್ಲಿ ಸೋತೆವು, ಅಥಣಿಯಲ್ಲಿ ಸೋತೆವು, ರಾಯಬಾಗದಲ್ಲಿ ಗೆಲ್ಲುವ ಪಂದ್ಯ ಕೈಬಿಟ್ಟೆವು. ಮುಖ್ಯ ರೈಡರ್ ಕೊನೆಯ ವರ್ಷದ ಹುಡುಗ, ಕ್ಯಾಪ್ಟನ್ನೂ ಅವನೇ. ಹೋದ ವರ್ಷ ಅವನನ್ನು ಹೆಗಲ ಮೇಲೆ ಹೊತ್ತು ಕುಣಿದವರೇ ಈಗ 'ಅವನ್ನ ಹೊರಗ ಕೂಡ್ರಸ್ರಿ ಸರ್' ಅನ್ನುತ್ತಿದ್ದಾರೆ. ಎರಡನೇ ವರ್ಷದಲ್ಲಿ ಚುರುಕಾದ ಇನ್ನೊಬ್ಬ ರೈಡರ್ ಇದ್ದಾನೆ, ಅವನಿಗೆ ಸರಿಯಾಗಿ ಅವಕಾಶವೇ ಸಿಕ್ಕಿಲ್ಲ. ಮುಂದಿನ ಅಂತರ ಕಾಲೇಜು ಟೂರ್ನಿಯಲ್ಲಿ ಯಾರನ್ನು ಇಳಿಸಬೇಕು?
– ಒಬ್ಬ ಓದುಗ, ಚಿಕ್ಕೋಡಿ ತಾಲ್ಲೂಕು

ಉತ್ತರ: ಕೂಡ್ರಿಸಬೇಡಿ. ನೀವು ಬರೆದಿರುವಷ್ಟನ್ನೇ ನೋಡಿ ಹೇಳುವುದಾದರೆ ಇದೇ ನನ್ನ ಉತ್ತರ. ನಿಮ್ಮ ಪತ್ರ ಉದ್ದವಾಗಿದೆ, ಇಲ್ಲಿ ಅದನ್ನು ಚಿಕ್ಕದು ಮಾಡಿ ಹಾಕಿದ್ದೇವೆ. ಆ ಹುಡುಗ ಎಲ್ಲೆಲ್ಲಿ ಸಿಕ್ಕಿಬಿದ್ದ ಎಂಬುದು ಅದರಲ್ಲಿದೆ, ಗೆರೆಯ ಹೊರಗೆ ನಿಂತವರು ಏನೇನು ಕೂಗಿದರು ಎಂಬುದೂ ಇದೆ. ನಿಮ್ಮ ಕ್ಯಾಚರ್‌ಗಳ ಬಗ್ಗೆ ಮಾತ್ರ ಒಂದಕ್ಷರವಿಲ್ಲ. ನನಗೆ ಅನುಮಾನ ಹುಟ್ಟಿದ್ದು ಅಲ್ಲೇ.

ಕಬಡ್ಡಿಯಲ್ಲಿ ಔಟಾದ ರೈಡರ್‌ಗೆ ತಾನಾಗಿ ಒಳಗೆ ಬರುವ ದಾರಿಯಿಲ್ಲ. ಎದುರಾಳಿಯಲ್ಲಿ ಒಬ್ಬನನ್ನು ಉಳಿದ ಆರು ಮಂದಿ ಔಟ್ ಮಾಡಬೇಕು, ಆಗ ಇವನು ಎದ್ದು ಬರಬೇಕು. ಅದೂ ಔಟಾದ ಸರದಿಯಲ್ಲೇ: ಮೊದಲು ಹೊರಹೋದವನು ಮೊದಲು ಒಳಗೆ. ಬೋನಸ್ ಗೆರೆ ಮುಟ್ಟಿ ತಂದ ಪಾಯಿಂಟಿಗೆ ಯಾರೂ ಎದ್ದು ಬರುವಂತಿಲ್ಲ. ಈಗ ಲೆಕ್ಕ ಹಾಕಿ. ಒಂದು ಅರ್ಧ 20 ನಿಮಿಷ, ಒಂದು ರೈಡಿಗೆ 30 ಸೆಕೆಂಡು. ಎರಡೂ ತಂಡ ಸೇರಿ ಸುಮಾರು 40 ರೈಡು, ನಿಮ್ಮ ಪಾಲಿಗೆ 20. ನಿಮ್ಮ ಹುಡುಗ ಮೂರನೇ ನಿಮಿಷಕ್ಕೆ ಸಿಕ್ಕಿಬಿದ್ದು, ಕ್ಯಾಚರ್‌ಗಳು ಒಂದು ಕಾಲನ್ನೂ ಹಿಡಿಯದೆ ಎಂಟು ನಿಮಿಷ ಕಳೆದರೆ, ತಂಡದ ಎಂಟು ರೈಡುಗಳು ಅವನಿಲ್ಲದೆ ಹೋದವು. ಅಷ್ಟರಲ್ಲಿ ಒಳಗೆ ಉಳಿದವರು ಮೂರೋ ನಾಲ್ಕೋ. ಕೊನೆಗೆ ಅವನು ಎದ್ದು ಬಂದಾಗ ಎದುರು ಇನ್ನೂ ಆರು ಜನ ನಿಂತಿರುತ್ತಾರೆ, ತನ್ನ ಬೆನ್ನ ಹಿಂದೆ ಆ ಮೂರೋ ನಾಲ್ಕೋ ಜನ. ಹೇಗಾದರೂ ತರಲೇಬೇಕು ಎಂದು ಆಳಕ್ಕೆ ನುಗ್ಗುತ್ತಾನೆ, ಮತ್ತೆ ಸಿಗುತ್ತಾನೆ. ಹೊರಗೆ ನಿಂತವನ ಕಣ್ಣಿಗೆ ಕಾಣುವುದು 'ಮತ್ತೂ ಸಿಕ್ಕಾ ನೋಡ್ರಿ' ಎಂಬುದೊಂದೇ.

ಆದ್ದರಿಂದ ಮೊದಲು ಒಂದು ನೋಟ್‌ಬುಕ್ ತಗೊಳ್ಳಿ. ಸ್ಕೋರರ್ ಬರೆಯುವ ಹಾಳೆಯಲ್ಲಿ ಪಾಯಿಂಟು ಇರುತ್ತದೆ, ಕಾರಣ ಇರುವುದಿಲ್ಲ. ಮುಂದಿನ ಎರಡು ಅಭ್ಯಾಸ ಪಂದ್ಯಗಳಲ್ಲಿ, ಆಡದೆ ಕೂತ ಹುಡುಗನೊಬ್ಬನಿಗೆ ಈ ಕೆಲಸ ಕೊಡಿ. ಪ್ರತಿ ರೈಡಿಗೂ ಬರೆಯಲಿ: ಯಾರು ಹೋದ, ಎದುರು ಎಷ್ಟು ಜನ ಇದ್ದರು, ಏನು ತಂದ, ಸಿಕ್ಕಿದ್ದರೆ ಯಾವ ಕಡೆ ಸಿಕ್ಕ, ಆಮೇಲೆ ಎಷ್ಟು ಹೊತ್ತು ಹೊರಗೆ ಕೂತ. ಈ ಕೊನೆಯ ಕಾಲಮ್ಮನ್ನು ಯಾರೂ ಬರೆಯುವುದಿಲ್ಲ. ನನ್ನ ಊಹೆ ಸರಿಯಾಗಿದ್ದರೆ ನಿಮ್ಮ ತಂಡದ ರೋಗ ಕಾಣುವುದು ಅದರಲ್ಲೇ.

ಸಿಗುವ ಕಡೆಯನ್ನೂ ನೋಡಿ. ಪ್ರತಿ ರೈಡರ್‌ಗೂ ಒಗ್ಗಿದ ಒಂದು ದಿಕ್ಕು ಇರುತ್ತದೆ, ಆ ಕಡೆಯಿಂದಲೇ ಒಳಹೊಕ್ಕು ಆ ಕಡೆಯೇ ತಿರುಗುತ್ತಾನೆ. ಮೊದಲ ವರ್ಷ ಅದು ಯಾರಿಗೂ ಗೊತ್ತಿರುವುದಿಲ್ಲ. ಮೂರನೇ ವರ್ಷಕ್ಕೆ ಕಾಗವಾಡದಿಂದ ನಿಪ್ಪಾಣಿ ತನಕ ಎಲ್ಲ ಕಾಲೇಜಿನ ಕಾರ್ನರ್ ಹುಡುಗರಿಗೂ ಬಾಯಿಪಾಠವಾಗಿರುತ್ತದೆ. ಇವತ್ತು ಪ್ರತಿ ಪಂದ್ಯವೂ ಯಾರದೋ ಮೊಬೈಲಿನಲ್ಲಿದೆ. ಹುಡುಗ ಹೋದ ವರ್ಷದಷ್ಟೇ ಚೆನ್ನಾಗಿ ಆಡುತ್ತಿರಬಹುದು. ಎದುರಿನವರು ಹೋದ ವರ್ಷದವರಲ್ಲ, ಅಷ್ಟೇ.

ಇನ್ನು ನಮ್ಮ ಚಿಕ್ಕೋಡಿ ಕಡೆಯ ತಾಲ್ಲೂಕುಗಳಿಗೆ ಅಂಟಿಕೊಂಡ ಎರಡು ವಿಷಯಗಳಿವೆ. ಮೊದಲನೆಯದು ಮಣ್ಣು. ಸದಲಗಾ, ಯಕ್ಸಂಬಾ, ಹಾರೂಗೇರಿ, ಕುಡಚಿ, ಐನಾಪುರ, ಶೇಡಬಾಳ, ಎಲ್ಲಿಯ ಹುಡುಗನೇ ಆಗಲಿ, ಕಬಡ್ಡಿ ಕಲಿತದ್ದು ಊರ ಮಣ್ಣಿನ ಅಂಕಣದಲ್ಲಿ, ಬರಿಗಾಲಲ್ಲಿ. ಮಣ್ಣಿನಲ್ಲಿ ಕಾಲು ಜಾರುತ್ತದೆ. ಆ ಜಾರುವಿಕೆಯನ್ನೇ ನಂಬಿ ಹಿಡಿತದಿಂದ ನುಸುಳಿ ಬರುವ ಕಲೆ ನಮ್ಮ ಹುಡುಗರಿಗೆ ಹುಟ್ಟಿನಿಂದಲೇ ಬಂದಿರುತ್ತದೆ. ಮ್ಯಾಟಿನ ಮೇಲೆ ಬೂಟು ಹಾಕಿ ನಿಂತಾಗ ಕಾಲು ಕಚ್ಚಿ ನಿಲ್ಲುತ್ತದೆ. ಓಟ ಜೋರಾಗುತ್ತದೆ ನಿಜ, ಆದರೆ ತಿರುಗುವ ಗಳಿಗೆಯಲ್ಲಿ ಪಾದ ಅರ್ಧ ಕ್ಷಣ ಅಲ್ಲೇ ಉಳಿಯುತ್ತದೆ. ಒಳ್ಳೆಯ ಕಾರ್ನರ್‌ಗೆ ಆಂಕಲ್ ಹಿಡಿಯಲು ಅಷ್ಟು ಸಾಕು. ನಿಮ್ಮ ಹುಡುಗ ಮಣ್ಣಿನ ಪಂದ್ಯಗಳಲ್ಲಿ ಗೆಲ್ಲಿಸಿ, ಮ್ಯಾಟಿನಲ್ಲಿ ಮಾತ್ರ ಸೋಲುತ್ತಿದ್ದಾನೆಯೇ? ಹಾಗಿದ್ದರೆ ಅವನಿಗೆ ಬೇಕಿರುವುದು ವಾರಕ್ಕೆರಡು ದಿನ ಮ್ಯಾಟು. ಕಾಲೇಜಿನಲ್ಲಿಲ್ಲದಿದ್ದರೆ ಮ್ಯಾಟು ಇರುವ ಪಕ್ಕದ ತಾಲ್ಲೂಕಿನ ಕಾಲೇಜನ್ನು ನಿಮ್ಮ ದೈಹಿಕ ಶಿಕ್ಷಣ ನಿರ್ದೇಶಕರು ಕೇಳಲಿ. ಕೇಳುವುದರಲ್ಲಿ ಮಾನ ಹೋಗುವಂಥದ್ದೇನಿಲ್ಲ.

ಎರಡನೆಯದು ಜಾತ್ರೆ. ಜಾತ್ರೆ, ಉರುಸು ಬಂತೆಂದರೆ ಓಪನ್ ಟೂರ್ನಮೆಂಟು, ತೂಕದ ಟೂರ್ನಮೆಂಟು, ರಾತ್ರಿಯಿಡೀ ಲೈಟಿನ ಬೆಳಕಲ್ಲಿ ಆಟ, ಗೆದ್ದವರಿಗೆ ಢಾಲು ಮತ್ತು ರೊಕ್ಕ. ಗಡಿಯಾಚೆಯ ಇಚಲಕರಂಜಿ, ಮಿರಜ, ಸಾಂಗಲಿ ಕಡೆಯಿಂದಲೂ ತಂಡಗಳು ಬರುತ್ತವೆ, ನಮ್ಮ ಹುಡುಗರೂ ಆ ಕಡೆ ಹೋಗುತ್ತಾರೆ. ಒಳ್ಳೆಯ ರೈಡರ್‌ನನ್ನು ಊರ ಸಂಘದವರು ಮನೆಗೇ ಬಂದು ಕರೆದೊಯ್ಯುತ್ತಾರೆ. ರಾತ್ರಿ ಎರಡರ ತನಕ ಆಡಿ, ಬೆಳಿಗ್ಗೆ ಬಸ್ಸು ಹತ್ತಿ ಕಾಲೇಜಿನ ಪಂದ್ಯಕ್ಕೆ ಬಂದ ಹುಡುಗನ ತೊಡೆ ಎಷ್ಟು ಬಲ ಕೊಟ್ಟೀತು? ಕಬ್ಬಿನ ಹಂಗಾಮಿನಲ್ಲಿ ಮನೆಯ ಗದ್ದೆಯ ಕೆಲಸವೂ ಅದರ ಮೇಲೆ ಬೀಳುತ್ತದೆ. ಇದನ್ನು ನಾನು ತಪ್ಪೆನ್ನುವುದಿಲ್ಲ. ಆ ರೊಕ್ಕದಲ್ಲೇ ಅವನ ಬೂಟು ಬಂದಿರಬಹುದು, ಪರೀಕ್ಷೆಯ ಫೀ ಕಟ್ಟಿರಬಹುದು. ಆದರೆ ಕೇಳಿ ತಿಳಿದುಕೊಳ್ಳಬೇಕಾದ ಸಂಗತಿ ಇದು. ಮೊಣಕಾಲು ನೋವನ್ನು ಕ್ಯಾಪ್ಟನ್ ಹುಡುಗರು ಬಾಯಿಬಿಟ್ಟು ಹೇಳುವುದಿಲ್ಲ, ಹೇಳಿದರೆ ಜಾಗ ಹೋದೀತು ಎಂಬ ಅಂಜಿಕೆ.

ದೊಡ್ಡ ಕಬಡ್ಡಿಯಲ್ಲಿ ಇಂಥ ಪ್ರಶ್ನೆ ಬಂದಾಗ ಏನಾಗಿದೆ ಎಂದು ನೋಡಿದರೆ ಉತ್ತರ ಒಂದೇ ತೆರನಾಗಿಲ್ಲ. 2019ರ ಅಕ್ಟೋಬರ್ 19ರಂದು ಅಹಮದಾಬಾದಿನಲ್ಲಿ ಪ್ರೊ ಕಬಡ್ಡಿಯ ಏಳನೇ ಆವೃತ್ತಿಯ ಫೈನಲ್ ನಡೆಯಿತು. ಬೆಂಗಾಲ್ ವಾರಿಯರ್ಸ್ ತಂಡದ ಕ್ಯಾಪ್ಟನ್ ಮತ್ತು ಮುಖ್ಯ ರೈಡರ್ ಮಣಿಂದರ್ ಸಿಂಗ್ ಗಾಯದಿಂದ ಹೊರಗಿದ್ದರು. ಎದುರು ದಬಾಂಗ್ ದೆಹಲಿ, ಅದರ ಹುಡುಗ ನವೀನ್ ಕುಮಾರ್ ಆ ವರ್ಷ ಯಾರ ಕೈಗೂ ಸಿಗುತ್ತಿರಲಿಲ್ಲ. ಬೆಂಗಾಲ್‌ನ ತರಬೇತುದಾರರು ನಮ್ಮವರೇ, ಅರ್ಜುನ ಪ್ರಶಸ್ತಿ ಪಡೆದ ಬಿ.ಸಿ. ರಮೇಶ್. ಮಣಿಂದರ್ ಜಾಗಕ್ಕೆ ಇನ್ನೊಬ್ಬ ಮಣಿಂದರ್ ಅವರಿಗೆ ಸಿಗುವಂತಿರಲಿಲ್ಲ. ರೈಡಿನ ಭಾರ ಹಂಚಿಹೋಯಿತು: ಇರಾನಿನ ಮೊಹಮ್ಮದ್ ನಬಿಬಕ್ಷ್, ನಮ್ಮ ಕರಾವಳಿಯ ಸುಕೇಶ್ ಹೆಗ್ಡೆ, ತಮಿಳುನಾಡಿನ ಪ್ರಪಂಜನ್. ಮೊದಲು ದೆಹಲಿಯೇ ಮುಂದಿತ್ತು. ನವೀನ್ ಒಬ್ಬನೇ 18 ಪಾಯಿಂಟು ತಂದ. ಗೆದ್ದದ್ದು ಬೆಂಗಾಲ್, 39–34.

ಹಾಗಂತ ಒಬ್ಬನ ಮೇಲೆ ನಿಂತ ತಂಡ ಗೆಲ್ಲುವುದೇ ಇಲ್ಲವೆಂದು ಹೇಳಿದರೆ ಬೆಂಗಳೂರು ಬುಲ್ಸ್ ಅಭಿಮಾನಿಗಳು ನನ್ನನ್ನು ಬಿಡಲಿಕ್ಕಿಲ್ಲ. ಅದೇ ವರ್ಷದ ಜನವರಿ 5ರಂದು, ಆರನೇ ಆವೃತ್ತಿಯ ಫೈನಲ್‌ನಲ್ಲಿ ಬುಲ್ಸ್ ಗುಜರಾತನ್ನು 38–33ರಿಂದ ಸೋಲಿಸಿತು. 38ರಲ್ಲಿ 22 ಪವನ್ ಸೆಹ್ರಾವತ್ ತಂದದ್ದು. ಆದರೆ ಆ ಗೆಲುವಿನಲ್ಲಿ ನಿಮಗೆ ಬೇಕಾದ ಪಾಠ ಪವನ್‌ನದಲ್ಲ, ರೋಹಿತ್ ಕುಮಾರ್‌ನದು. ಹಿಂದಿನ ಆವೃತ್ತಿಯಲ್ಲಿ ಬುಲ್ಸ್‌ನ ರೈಡಿನ ನೊಗ ಹೊತ್ತಿದ್ದವನು ಕ್ಯಾಪ್ಟನ್ ರೋಹಿತ್. ತಂಡ ಪ್ಲೇಆಫ್‌ಗೂ ಹೋಗಲಿಲ್ಲ. ಮುಂದಿನ ವರ್ಷ ಪವನ್ ಬಂದಾಗ ರೋಹಿತ್ ಹೊರಗೂ ಹೋಗಲಿಲ್ಲ, ಕ್ಯಾಪ್ಟನ್ ಪಟ್ಟವನ್ನೂ ಬಿಡಲಿಲ್ಲ. ಮೊದಲ ರೈಡರ್ ಎಂಬ ಜಾಗ ಮಾತ್ರ ಇನ್ನೊಬ್ಬನದಾಯಿತು. ಕಪ್ಪು ಎತ್ತಿದ್ದು ರೋಹಿತ್‌ನೇ.

ಹೆಸರು ನೋಡಿ ಇಳಿಸಿದರೆ ಏನಾಗುತ್ತದೆ ಎಂಬುದಕ್ಕೂ ಬುಲ್ಸ್‌ನಲ್ಲೇ ಉದಾಹರಣೆಯಿದೆ. 2024ರ ಹನ್ನೊಂದನೇ ಆವೃತ್ತಿಗೆ ಪರ್ದೀಪ್ ನರ್ವಾಲ್ ಕ್ಯಾಪ್ಟನ್ ಆಗಿದ್ದ. ಪ್ರೊ ಕಬಡ್ಡಿಯಲ್ಲಿ ಅವನಷ್ಟು ರೈಡ್ ಪಾಯಿಂಟು ತಂದವರು ಆವರೆಗೆ ಯಾರೂ ಇರಲಿಲ್ಲ. ಹನ್ನೆರಡು ತಂಡಗಳಲ್ಲಿ ಬುಲ್ಸ್ ಕೊನೆಯದಾಯಿತು.

ಈ ತಲೆನೋವು ಕಬಡ್ಡಿಯವರದ್ದಷ್ಟೇ ಅಲ್ಲ. ಅಮೆರಿಕದವರು ಫುಟ್‌ಬಾಲ್ ಎಂದು ಕರೆಯುವ, ಚೆಂಡನ್ನು ಹೆಚ್ಚಾಗಿ ಕೈಯಲ್ಲೇ ಆಡುವ ಆಟದಲ್ಲಿ ಕ್ವಾರ್ಟರ್‌ಬ್ಯಾಕ್ ಎಂಬವನಿದ್ದಾನೆ. ದಾಳಿಯ ಬಹುತೇಕ ಪ್ರತಿ ಚೆಂಡೂ ಅವನ ಕೈಯಿಂದಲೇ ಹೊರಡುತ್ತದೆ. ಕಾಲೇಜು ತಂಡ ಸೋತರೆ ಇಡೀ ರಾಜ್ಯ ಅವನನ್ನು ಬೈಯುತ್ತದೆ. 2018ರ ಜನವರಿ 8ರಂದು ಅಲಬಾಮಾ ವಿಶ್ವವಿದ್ಯಾಲಯ ರಾಷ್ಟ್ರೀಯ ಫೈನಲ್‌ನ ಅರ್ಧಕ್ಕೆ ಜಾರ್ಜಿಯಾ ಎದುರು 0–13ರಿಂದ ಹಿಂದಿತ್ತು. ತರಬೇತುದಾರ ನಿಕ್ ಸೇಬನ್, ಎರಡು ವರ್ಷದಿಂದ ಗೆಲ್ಲಿಸುತ್ತಲೇ ಬಂದಿದ್ದ ಜೇಲನ್ ಹರ್ಟ್ಸ್‌ನನ್ನು ಕೂಡ್ರಿಸಿ ಟುವಾ ಟಗೊವೈಲೋವಾ ಎಂಬ ಮೊದಲ ವರ್ಷದ ಹುಡುಗನನ್ನು ಇಳಿಸಿದರು. ಅಲಬಾಮಾ 26–23ರಿಂದ ಗೆದ್ದಿತು. ಕಥೆಯನ್ನು ಎಲ್ಲರೂ ಇಲ್ಲಿಗೇ ನಿಲ್ಲಿಸುತ್ತಾರೆ, ಬದಲಿಸಿ ಎನ್ನುವವರಂತೂ ಖಂಡಿತ. ಅದೇ ವರ್ಷದ ಡಿಸೆಂಬರ್ 1ರಂದು ಮತ್ತೆ ಅದೇ ಜಾರ್ಜಿಯಾ ಎದುರು ಇನ್ನೊಂದು ಫೈನಲ್. ಈ ಬಾರಿ ಟುವಾ ಗಾಯಗೊಂಡು ಕುಂಟುತ್ತ ಹೊರನಡೆದ. ಏಳು ಪಾಯಿಂಟು ಹಿಂದಿದ್ದ ತಂಡವನ್ನು ಬೆಂಚಿನಿಂದ ಎದ್ದು ಬಂದು ಗೆಲ್ಲಿಸಿದವನು ಹರ್ಟ್ಸ್, 35–28. ಕೂಡ್ರಿಸಿದ ಮೇಲೂ ಆ ಹುಡುಗ ತಂಡ ಬಿಟ್ಟು ಹೋಗಿರಲಿಲ್ಲ, ದಿನದ ಅಭ್ಯಾಸವನ್ನೂ ಬಿಟ್ಟಿರಲಿಲ್ಲ. ಅವನನ್ನು ಅವಮಾನಿಸಿ ಕೂಡ್ರಿಸಿದ್ದರೆ ಆ ಡಿಸೆಂಬರಿನಲ್ಲಿ ಎದ್ದು ಬರಲು ಯಾರಿರುತ್ತಿದ್ದರು?

ನಿಮ್ಮ ತಂಡಕ್ಕೆ ಬರೋಣ. ಕಬಡ್ಡಿಯ ಒಂದು ಅನುಕೂಲ ಕ್ವಾರ್ಟರ್‌ಬ್ಯಾಕ್‌ನವರಿಗಿಲ್ಲ: ಇಬ್ಬರನ್ನೂ ಒಟ್ಟಿಗೇ ಇಳಿಸಬಹುದು. ಏಳು ಜನರಲ್ಲಿ ಮೂವರು ರೈಡ್ ಮಾಡುವವರಿರಲಿ. ಬದಲಿಸಬೇಕಾದ್ದು ಸರದಿಯನ್ನು. ಪಂದ್ಯದ ಮೊದಲ ರೈಡು ಎರಡನೇ ವರ್ಷದ ಹುಡುಗ ಮಾಡಲಿ. ಅವನ ದಿಕ್ಕು ಯಾವುದೆಂದು ಎದುರಿನವರಿಗೆ ಇನ್ನೂ ಗೊತ್ತಿಲ್ಲ, ಆ ಲಾಭ ಮೊದಲ ಐದು ನಿಮಿಷದಲ್ಲೇ ಸಿಗಬೇಕು. ನಿಮ್ಮ ಕ್ಯಾಪ್ಟನ್, ಎದುರು ಆರೋ ಏಳೋ ಜನ ಇರುವಾಗ ಬೋನಸ್‌ಗೆ ಹೋಗಲಿ. ಅನುಭವ ಇರುವವನಿಗೆ ಅದು ಕಡಿಮೆ ಅಪಾಯದ ಪಾಯಿಂಟು. ಎರಡು ರೈಡು ಬರಿಗೈಲಿ ಬಂದು ಮೂರನೆಯದಕ್ಕೆ ಪಾಯಿಂಟು ತರಲೇಬೇಕಾದ ನಿಯಮ ನಿಮ್ಮ ಟೂರ್ನಿಯಲ್ಲೂ ಇದ್ದರೆ, ಆ ಮೂರನೇ ರೈಡಿಗೆ ಪ್ರತಿ ಸಲವೂ ಕ್ಯಾಪ್ಟನ್‌ನನ್ನೇ ದೂಡಬೇಡಿ. ನಿಮ್ಮ ಪತ್ರದಲ್ಲಿ ಅವನು ಸಿಕ್ಕಿಬಿದ್ದ ಪ್ರಸಂಗಗಳನ್ನು ಓದಿದರೆ ಅರ್ಧಕ್ಕರ್ಧ ಇಂಥವೇ ಇರಬೇಕು ಅನ್ನಿಸುತ್ತದೆ. ಉಳಿದವರು ಸುಮ್ಮನೆ ಹೋಗಿ ಸುಮ್ಮನೆ ಬಂದು ಕಷ್ಟದ ರೈಡನ್ನು ಅವನ ತಲೆಗೆ ಕಟ್ಟಿದ್ದಾರೆ. ಅಭ್ಯಾಸದ ಅರ್ಧ ಸಮಯವನ್ನು ಎರಡು ಕಾರ್ನರ್ ಮತ್ತು ಎರಡು ಕವರ್‌ಗಳಿಗೆ ಕೊಡಿ. ರೈಡಿನ ಅಭ್ಯಾಸಕ್ಕೆ ಜನ ನಿಂತು ನೋಡುತ್ತಾರೆ, ಚೈನ್ ಹಿಡಿದು ಒಟ್ಟಿಗೆ ನುಗ್ಗುವ ಅಭ್ಯಾಸ ನೋಡಲು ಯಾರೂ ನಿಲ್ಲುವುದಿಲ್ಲ. ಹಾಗಾಗಿಯೇ ನಮ್ಮ ಕಡೆ ರೈಡರ್‌ಗಳು ಹೆಚ್ಚು, ಕ್ಯಾಚರ್‌ಗಳು ಕಡಿಮೆ.

ಕೂಡ್ರಿಸಲೇಬೇಕಾದ ಸಂದರ್ಭಗಳೂ ಇವೆ. ಗಾಯವಿದ್ದರೆ ಇವತ್ತೇ ಕೂಡ್ರಿಸಿ, ಡಿಗ್ರಿ ಹುಡುಗನ ಮೊಣಕಾಲಿಗಿಂತ ಯಾವ ಢಾಲೂ ದೊಡ್ಡದಲ್ಲ. ನೋಟ್‌ಬುಕ್ಕಿನ ಲೆಕ್ಕದಲ್ಲಿ, ಎದುರು ನಾಲ್ಕೇ ಜನ ಇದ್ದಾಗಲೂ ಅವನು ಬರಿಗೈಲಿ ಬರುತ್ತಿದ್ದಾನೆ ಎಂದು ಕಂಡರೂ ಕೂಡ್ರಿಸಿ. ಅಂಜಿದ ರೈಡರ್ ಗೆರೆ ಮುಟ್ಟಿ ಕಾಲ ಕಳೆದು ಬರುತ್ತಾನೆ, ಅದು ಸಿಕ್ಕಿಬೀಳುವುದಕ್ಕಿಂತ ಕೆಟ್ಟದ್ದು. ಅಭ್ಯಾಸಕ್ಕೆ ಬಾರದೆ ಪಂದ್ಯಕ್ಕೆ ಮಾತ್ರ ಬರುವವನಾದರೆ ಯೋಚಿಸುವುದೇ ಬೇಡ. ಗೆರೆಯ ಹೊರಗೆ ನಿಂತವರು ಕೂಗುತ್ತಾರೆ ಎಂಬುದು ಮಾತ್ರ ಕಾರಣವಾಗಬಾರದು. ಅವರೇನೂ ಬೆಳಿಗ್ಗೆ ಐದೂವರೆಗೆ ಮೈದಾನಕ್ಕೆ ಬಂದವರಲ್ಲ.

ಸರದಿ ಬದಲಾಗುವ ಮಾತನ್ನು ನಿಮ್ಮ ಸರ್ ಆ ಹುಡುಗನಿಗೆ ಪಂದ್ಯದ ಹಿಂದಿನ ದಿನವೇ, ಒಬ್ಬನೇ ಇದ್ದಾಗ ಹೇಳಲಿ. ಮ್ಯಾಟಿನ ಪಕ್ಕದಲ್ಲಿ, ಉಳಿದ ಹನ್ನೊಂದು ಮಂದಿಯ ಎದುರು ಹೇಳುವ ಮಾತಲ್ಲ ಅದು. ಕ್ಯಾಪ್ಟನ್ ಪಟ್ಟ ಅವನಲ್ಲೇ ಇರಲಿ. ಟೈಮ್‌ಔಟ್ ಯಾವಾಗ ಕೇಳಬೇಕು, ಅಂಪೈರ್ ಹತ್ತಿರ ಹೇಗೆ ಮಾತಾಡಬೇಕು ಎಂಬುದು ಮೂರನೇ ವರ್ಷದವನಿಗೆ ಗೊತ್ತಿರುವಷ್ಟು ಎರಡನೇ ವರ್ಷದವನಿಗೆ ಗೊತ್ತಿರುವುದಿಲ್ಲ.

ಕೊನೆಯದಾಗಿ, ಆ ಎರಡನೇ ವರ್ಷದ ಹುಡುಗನ ರನ್ನಿಂಗ್ ಹ್ಯಾಂಡ್ ಟಚ್ಚಿನ ಬಗ್ಗೆ ನೀವು ಬರೆದಿರುವ ವಿವರ ಹೊರಗೆ ನಿಂತು ನೋಡಿದವರು ಬರೆಯುವಂಥದ್ದಲ್ಲ. ಆ ಹುಡುಗ ನೀವೇ ಆಗಿದ್ದರೆ ಮೊದಲ ರೈಡು ನನಗೆ ಕೊಡಿ ಎಂದು ಸರ್ ಹತ್ತಿರ ನೇರವಾಗಿ ಕೇಳಿ. ಹಾಗೆಯೇ ಒಂದು ಕಾರ್ನರ್‌ನಲ್ಲಿ ನಿಂತು ಹಿಡಿಯುವುದನ್ನೂ ಕಲಿಯುತ್ತೇನೆ ಎಂದು ಸೇರಿಸಿ. ಕ್ಯಾಪ್ಟನ್ ಔಟಾಗಿ ಕೂತಾಗ ಅವನನ್ನು ಎಬ್ಬಿಸಿ ತರಲು ಒಬ್ಬ ಬೇಕಲ್ಲ.