ಮರಳು ಹೊಲಕ್ಕೆ ಕಸುವು ತುಂಬೋದು ಹೇಗೆ?

ಹದವಾದ ಮಳೆ ಬಂದು ವಾರ ಕಳೆಯೋದ್ರೊಳಗೇ ನಿಮ್ಮ ಶೇಂಗಾ ಮಧ್ಯಾಹ್ನದ ಹೊತ್ತಿಗೆ ಬಾಡ್ತಾ ಇದೆಯಾ? ಯೂರಿಯಾ ಕೊಟ್ಟರೂ ರಾಗಿ ಹಳದಿಯಾಗೇ ಇದೆಯಾ? ಹಾಗಿದ್ರೆ ಮತ್ತೊಂದು ಚೀಲ ಗೊಬ್ಬರ ತರೋ ಮೊದಲು ಮಣ್ಣನ್ನ ನೋಡಿ. ಚಳ್ಳಕೆರೆ, ಪಾವಗಡ, ಶಿರಾ ಕಡೆಯ ಕೆಂಪು ಮರಳು ಮಿಶ್ರಿತ ಹೊಲಗಳಲ್ಲಿ ಈ ತೊಂದರೆ ಸಾಮಾನ್ಯ.

ಮರಳಿನ ಕಣ ದಪ್ಪ, ಸಂದು ದೊಡ್ಡದು. ನೀರು ನಿಲ್ಲದೆ ಕೆಳಗೆ ಇಳಿಯುತ್ತೆ, ಜೊತೆಗೆ ಸಾರಜನಕವನ್ನೂ ಒಯ್ಯುತ್ತೆ. ಅಂದ್ರೆ ನೀವು ದುಡ್ಡು ಕೊಟ್ಟು ತಂದ ಗೊಬ್ಬರ ಬೇರಿಗೆ ಸಿಗೋದೇ ಇಲ್ಲ. ನೀರು, ಗೊಬ್ಬರ ಹಿಡಿದಿಡೋದು ಜೇಡಿ ಮತ್ತು ಕೊಳೆತ ಸಾವಯವ ವಸ್ತು. ಈ ಎರಡನ್ನೂ ಹೊಲಕ್ಕೆ ಸೇರಿಸೋದೇ ನಮ್ಮ ಕೆಲಸ.

ಮೊದಲು ಪರೀಕ್ಷೆ

ಗಾಜಿನ ಬಾಟಲಿಯಲ್ಲಿ ಮೂರನೇ ಒಂದು ಭಾಗ ಮಣ್ಣು, ಉಳಿದದ್ದು ನೀರು ಹಾಕಿ ಚೆನ್ನಾಗಿ ಕುಲುಕಿ ಇಡಿ. ಒಂದೆರಡು ನಿಮಿಷದಲ್ಲಿ ತಳ ಸೇರೋದು ಮರಳು. ಜೇಡಿ ಕೂರಲು ಒಂದು ದಿನವೂ ಬೇಕು. ಮರುದಿನ ಪದರಗಳನ್ನ ಅಳೆದು ನೋಡಿ. ಹಾಗೇ ಮಣ್ಣು ಪರೀಕ್ಷೆ ಮಾಡಿಸಿ. ವರದಿಯಲ್ಲಿ ಸಾವಯವ ಇಂಗಾಲ ಶೇ. 0.5ಕ್ಕಿಂತ ಕಡಿಮೆ ಇದ್ರೆ ಹೊಲ ಹಸಿದಿದೆ ಅಂತಲೇ ಅರ್ಥ.

1. ಕೆರೆಗೋಡು

ಬೇಸಿಗೆಯಲ್ಲಿ ಕೆರೆ ಒಣಗಿದಾಗ ಹೂಳು ಹೊಡೆಯಿರಿ. ಒಂದು ಎಕರೆಗೆ ಒಂದು ಸೆಂಟಿಮೀಟರ್ ದಪ್ಪ ಹರಡಲು ಸುಮಾರು 40 ಘನ ಮೀಟರ್ ಬೇಕು. ಟ್ರೈಲರ್‌ಗೆ ಎರಡೂವರೆ ಘನ ಮೀಟರ್ ಹಿಡಿದರೆ 16 ಲೋಡು. ಬಾಡಿಗೆ ಮಾತಾಡೋ ಮುಂಚೆ ಈ ಲೆಕ್ಕ ಹಾಕಿ. ಗ್ರಾಮ ಪಂಚಾಯಿತಿಯಲ್ಲಿ ವಿಚಾರಿಸಿ, ಅನುಮತಿ ಪಡೆದೇ ತೆಗೀರಿ. ಹೂಳನ್ನೂ ಪರೀಕ್ಷೆ ಮಾಡಿಸಿ. ಚರಂಡಿ, ಕಾರ್ಖಾನೆ ನೀರು ಸೇರೋ ಕೆರೆಯದ್ದು ಬೇಡ, ಉಪ್ಪಿನಂಶ ಇರೋದೂ ಬೇಡ. ಒಣಗಿದ ಹೆಂಟೆ ಒಡೆದು, ಸಮನಾಗಿ ಹರಡಿ ಉಳುಮೆ ಮಾಡಿ.

2. ಹಸಿರೆಲೆ ಗೊಬ್ಬರ

ಮೇ ತಿಂಗಳ ಮಳೆಗೆ ಎಕರೆಗೆ 10ರಿಂದ 15 ಕೆ.ಜಿ. ಸೆಣಬು ಚೆಲ್ಲಿ. 40–45 ದಿನಕ್ಕೆ, ಹೂ ಬರೋ ಹೊತ್ತಿಗೆ, ಮಣ್ಣಲ್ಲಿ ತೇವ ಇರುವಾಗ ಮಗುಚಿ. ಕೊಳೆಯಲು ಎರಡು ವಾರವಾದ್ರೂ ಬಿಟ್ಟು ಬಿತ್ತಿ. ಮಳೆ ಕೈಕೊಟ್ಟ ವರ್ಷ ಈ ಸಾಹಸ ಬೇಡ. ಬೆಳೆಗೆ ಬೇಕಾದ ತೇವವನ್ನ ಸೆಣಬೇ ಕುಡಿದುಬಿಡುತ್ತೆ. ಅದರ ಬದಲು ಬದುವಿನ ಮೇಲೆ ಗ್ಲಿರಿಸಿಡಿಯಾ ನೆಟ್ಟರೆ ವರ್ಷಾ ವರ್ಷ ಸೊಪ್ಪು ಸಿಗುತ್ತೆ.

3. ಕೊಟ್ಟಿಗೆ ಗೊಬ್ಬರ

ಮಳೆಯಾಶ್ರಿತ ಶೇಂಗಾಕ್ಕೆ ಎಕರೆಗೆ 3 ಟನ್ ಚೆನ್ನಾಗಿ ಕಳಿತ ಗೊಬ್ಬರ ಬೇಕು. ಮರಳು ಮಣ್ಣಲ್ಲಿ ಸಾವಯವ ವಸ್ತು ಬೇಗ ಕರಗಿಹೋಗುತ್ತೆ. ಒಂದು ವರ್ಷ ಹಾಕಿ ಕೈ ತೊಳೆದುಕೊಳ್ಳೋ ಹಾಗಿಲ್ಲ, ಪ್ರತಿ ವರ್ಷ ಹಾಕಬೇಕು. ಬೆಳೆ ಉಳಿಕೆಗೆ ಬೆಂಕಿ ಇಡಬೇಡಿ. ಸಾಲಿನ ನಡುವೆ ಹೊದಿಕೆ ಮಾಡಿ.

4. ಕಂತಿನಲ್ಲಿ ಗೊಬ್ಬರ

ರಾಗಿಗೆ ಯೂರಿಯಾವನ್ನ ಒಂದೇ ಸಲ ಸುರೀಬೇಡಿ. ಅರ್ಧ ಬಿತ್ತನೆಗೆ, ಉಳಿದರ್ಧ ತಿಂಗಳಾದ ಮೇಲೆ ತೇವ ನೋಡಿ ಕೊಡಿ. ಜೋರು ಮಳೆ ಬರೋ ಹಾಗಿದ್ರೆ ಒಂದೆರಡು ದಿನ ತಡೀರಿ. ಹನಿ ನೀರಾವರಿ ಇದ್ದವರು ಸ್ವಲ್ಪ ಸ್ವಲ್ಪವಾಗಿ, ಮೇಲಿಂದ ಮೇಲೆ ನೀರು ಬಿಡಿ.

ಎಲ್ಲಾ ಎಕರೆಗೂ ಸಾಲ ಮಾಡಿ ಗೋಡು ಹೊಡೆಸಬೇಡಿ. ಈ ವರ್ಷ ಅರ್ಧ ಎಕರೆ ಸಾಕು. ಪಕ್ಕದ ಅರ್ಧ ಎಕರೆಯನ್ನ ಹಳೇ ಪದ್ಧತಿಯಲ್ಲೇ ಬೆಳೀರಿ. ಮಳೆ ನಿಂತ ಐದನೇ ದಿನ, ಹತ್ತನೇ ದಿನ ಎರಡೂ ಕಡೆ ಮೊಬೈಲಲ್ಲಿ ಫೋಟೋ ತೆಗೆದಿಡಿ, ಕಟಾವಿನಲ್ಲಿ ತೂಕ ಬರೆದಿಡಿ. ಖರ್ಚು ಕಳೆದು ಎಷ್ಟು ಉಳೀತು ಅಂತ ನೋಡಿ, ಆಮೇಲೆ ಮುಂದಿನ ಅರ್ಧ ಎಕರೆಗೆ ಕೈ ಹಾಕಿ. ಮಣ್ಣು ಒಂದೇ ಮಳೆಗಾಲಕ್ಕೆ ಬದಲಾಗಲ್ಲ, ಆದ್ರೆ ಬಿಡದೆ ಹಾಕಿದ್ದನ್ನ ಅದು ಮರೆಯೋದೂ ಇಲ್ಲ.